ಹಳೇ ಬಚ್ಚಲುಮನೆಗೆ ಸ್ಪಾ ಕಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಸಿದ ಟೈಲ್ಸ್, ತೊಟ್ಟಿಕ್ಕುವ ನಲ್ಲಿ, ಮೂಲೆಯಲ್ಲಿ ಕಪ್ಪು ಬೂಷ್ಟು, ಮಂಕು ಬೆಳಕು. ಇಂಥ ಬಚ್ಚಲನ್ನು ಮೈಮನಸ್ಸಿಗೆ ಹಾಯೆನಿಸುವ ಜಾಗ ಮಾಡಬೇಕು ಎಂದು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಗೋಡೆಯ ಒಳಗೆ, ನೆಲದ ಕೆಳಗೆ ಹೋಗುವ ಕೆಲಸಕ್ಕೆ ಮೊದಲು ದುಡ್ಡು ಹಾಕಿ. ಕಣ್ಣಿಗೆ ಕಾಣುವುದಕ್ಕೆ ಆಮೇಲೆ.

ಸ್ಪಾ ಥರದ ಬಾತ್‌ರೂಮ್ ಅಂದರೆ ಏನೇನು ಇರಬೇಕು?

ಟಬ್, ಸ್ಟೀಮ್, ದುಬಾರಿ ಕಲ್ಲು ಇರಲೇಬೇಕು ಎಂದೇನಿಲ್ಲ. ಒಳ್ಳೆಯ ಸ್ಪಾದಲ್ಲಿ ಮೈಗೆ ಹಿತ ಕೊಡುವುದು ಏನು ಅಂತ ಒಮ್ಮೆ ಯೋಚಿಸಿ. ನೀರಿನ ಬಿಸಿ ಒಂದೇ ಹದದಲ್ಲಿ ಇರುತ್ತದೆ. ಕಾಲಿಟ್ಟಲ್ಲಿ ಜಾರುವುದಿಲ್ಲ. ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ. ಮುಗ್ಗಲು ವಾಸನೆ ಇಲ್ಲ. ಎದುರಿಗೆ ಹತ್ತಾರು ಬಾಟಲಿ, ಬ್ರಷ್, ಒದ್ದೆ ಬಟ್ಟೆ ಕಾಣುವುದಿಲ್ಲ. ಇಷ್ಟನ್ನೂ ತೀರಾ ಸಣ್ಣ ಬಚ್ಚಲಿನಲ್ಲೂ ಮಾಡಬಹುದು. ಇವು ಸರಿ ಇಲ್ಲದಿದ್ದರೆ ಎಂಥ ಮಾರ್ಬಲ್ ಹಾಕಿದರೂ ಹಿತ ಅನ್ನಿಸುವುದಿಲ್ಲ.

ಪೂರ್ತಿ ಒಡೆಯಲೇಬೇಕಾ? ಮೇಲುಮೇಲಿನದನ್ನಷ್ಟೇ ಬದಲಾಯಿಸಿದರೆ ಸಾಲದಾ?

ಮೊದಲು ಪರೀಕ್ಷೆ ಮಾಡಿ, ಆಮೇಲೆ ತೀರ್ಮಾನಿಸಿ. ಬಚ್ಚಲಿನ ಗೋಡೆಯ ಆಚೆ ಬದಿಯನ್ನು ನೋಡಿ. ಬಣ್ಣ ಉಬ್ಬಿದೆಯಾ, ಗಾರೆ ಪುಡಿಯಾಗುತ್ತಿದೆಯಾ? ಕೆಳಗಿನ ಮನೆಯ ಸೂರಿನಲ್ಲಿ ಕಲೆ ಇದೆಯಾ? ನಾಣ್ಯದಿಂದ ಟೈಲ್ಸ್ ತಟ್ಟಿ. ಪೊಳ್ಳು ಸದ್ದು ಬಂದರೆ ಅದು ಗೋಡೆಯಿಂದ ಬಿಟ್ಟುಕೊಂಡಿದೆ ಅಂತ ಅರ್ಥ. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಕೆಂಚು ನೀರು ಬಂದರೆ ಹಳೆಯ ಕಬ್ಬಿಣದ ಪೈಪು ಒಳಗೆ ತುಕ್ಕು ಹಿಡಿದಿರುವ ಸಾಧ್ಯತೆ ಜಾಸ್ತಿ.

ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಒಡೆಯಬೇಡಿ. ನಲ್ಲಿ, ಷವರ್, ಕನ್ನಡಿ, ದೀಪ, ಫ್ಯಾನ್ ಬದಲಿಸಿ. ಟೈಲ್ಸ್ ಸಂದಿಗೆ ತುಂಬಿದ ಹಳೆಯ ಗ್ರೌಟ್ ಕೆರೆದು ಹೊಸದು ತುಂಬಿಸಿ. ಅಷ್ಟಕ್ಕೇ ಬಚ್ಚಲಿನ ಮುಖವೇ ಬದಲಾಗುತ್ತದೆ. ಆದರೆ ಸೋರಿಕೆ ಇದ್ದರೆ ಪೂರ್ತಿ ಒಡೆದು ಬುಡದಿಂದ ಮಾಡುವುದೇ ಸರಿ. ಸೋರುವ ನೆಲದ ಮೇಲೆ ಹೊಸ ಟೈಲ್ಸ್ ಅಂಟಿಸುವುದು ಗಾಯ ತೊಳೆಯದೆ ಬ್ಯಾಂಡೇಜ್ ಸುತ್ತಿದ ಹಾಗೆ.

ಒಂದು ಎಚ್ಚರಿಕೆ. ಕಟ್ಟಡ ತುಂಬಾ ಹಳೆಯದಾಗಿದ್ದರೆ ಆಸ್ಬೆಸ್ಟಾಸ್ ಇರುವ ಶೀಟ್ ಅಥವಾ ಸೀಸದ ಪೈಪು ಇರಬಹುದು. ಆಸ್ಬೆಸ್ಟಾಸ್ ಅನುಮಾನ ಇದ್ದರೆ ಅದನ್ನು ಒಡೆಯುವುದು, ಕೊರೆಯುವುದು, ಉಜ್ಜುವುದು ಯಾವುದೂ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಪರೀಕ್ಷೆ ಮಾಡಿಸಿ, ತಿಳಿದವರಿಂದಲೇ ತೆಗೆಸಿ.

ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಹಾಕಬಹುದಾ?

ಹಳೆಯವು ಗಟ್ಟಿಯಾಗಿ ಕೂತಿದ್ದು, ಸೋರಿಕೆ ಇಲ್ಲದಿದ್ದರೆ ಹಾಕಬಹುದು. ಅದಕ್ಕೇ ಅಂತ ಬರುವ ಅಂಟು ಬಳಸಬೇಕು. ನೆಲ ಸುಮಾರು ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಏರುತ್ತದೆ. ಬಾಗಿಲು ತಾಗುತ್ತದಾ, ಹೊಸ್ತಿಲು ಮುಳುಗುತ್ತದಾ, ನೀರು ಹೋಗುವ ಜಾಲರಿ ಹಳ್ಳಕ್ಕೆ ಬೀಳುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಕಮೋಡ್, ಷವರ್, ಬೇಸಿನ್ ಜಾಗ ಬದಲಿಸಬಹುದಾ?

ಬೇಸಿನ್ ಸರಿಸುವುದು ಸುಲಭ, ಅದರ ಪೈಪು ಸಣ್ಣದು. ಕಮೋಡ್ ಹಾಗಲ್ಲ. ಅದರ ಪೈಪು 100ರಿಂದ 110 ಮಿಲಿಮೀಟರ್ ದಪ್ಪ, ಉದ್ದಕ್ಕೂ ಇಳಿಜಾರು ಬೇಕು. ದೂರ ಸರಿಸಿದಷ್ಟೂ ನೆಲ ಎತ್ತರಿಸಬೇಕಾಗುತ್ತದೆ, ಕಟ್ಟಿಕೊಳ್ಳುವ ಸಂಭವವೂ ಹೆಚ್ಚುತ್ತದೆ. ಆದಷ್ಟು ಕಮೋಡನ್ನು ಇದ್ದಲ್ಲೇ ಬಿಟ್ಟು ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 38 ಸೆಂ.ಮೀ. ಇರಲಿ, 45 ಸಿಕ್ಕರೆ ಆರಾಮ. ಎದುರಿಗೆ 60 ಸೆಂ.ಮೀ. ಖಾಲಿ ಬಿಡಿ. ಷವರಿಗೆ 80ಕ್ಕೆ 80 ಇದ್ದರೂ ನಡೆಯುತ್ತದೆ, ಆದರೆ ಮೊಣಕೈ ಗೋಡೆಗೆ ತಾಗುತ್ತಲೇ ಇರುತ್ತದೆ. 90ಕ್ಕೆ 120 ಸಿಕ್ಕರೆ ನಿಜವಾಗಿ ಹಾಯಾಗಿ ನಿಲ್ಲಬಹುದು. ಬಾಗಿಲ ಹತ್ತಿರ ಬೇಸಿನ್, ಆಮೇಲೆ ಕಮೋಡ್, ಕೊನೆಯಲ್ಲಿ ಷವರ್ ಬಂದರೆ ಒಣ ಜಾಗ ಒಣಗೇ ಉಳಿಯುತ್ತದೆ. ಮಾರುಕಟ್ಟೆಗೆ ಹೋಗುವ ಮುಂಚೆ ಸೀಮೆಸುಣ್ಣದಲ್ಲಿ ಇದನ್ನೆಲ್ಲ ನೆಲದ ಮೇಲೆ ಬರೆದು, ಒಳಗೆ ನಿಂತು, ತಿರುಗಿ, ಬಗ್ಗಿ ನೋಡಿ.

ಟೈಲ್ಸ್ ಇದೆಯಲ್ಲ, ವಾಟರ್‌ಪ್ರೂಫಿಂಗ್ ಯಾಕೆ ಬೇಕು?

ಇಡೀ ಕೆಲಸದಲ್ಲಿ ಇದೇ ದೊಡ್ಡ ಪ್ರಶ್ನೆ. ಟೈಲ್ಸ್ ಒಳಗೆ ನೀರು ಇಳಿಯದೇ ಇರಬಹುದು, ಆದರೆ ಅವುಗಳ ನಡುವಿನ ಸಂದಿನಲ್ಲಿ ಇಳಿಯುತ್ತದೆ. ಸಿಮೆಂಟ್ ಗ್ರೌಟಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ದಿನಾ ಬೀಳುವ ನೀರು ಸ್ವಲ್ಪಸ್ವಲ್ಪವೇ ಕೆಳಗೆ ಹೋಗುತ್ತದೆ. ಅದನ್ನು ತಡೆಯುವುದು ಟೈಲ್ಸ್ ಕೆಳಗೆ ಬಳಿಯುವ ವಾಟರ್‌ಪ್ರೂಫಿಂಗ್ ಪದರ ಮಾತ್ರ. ಆ ಪದರ ಕೆಟ್ಟರೆ ಸರಿಮಾಡಲು ಮೇಲಿರುವುದನ್ನೆಲ್ಲ ಕೀಳಬೇಕು. ಹಾಗಾಗಿ ಇಲ್ಲಿ ಉಳಿತಾಯ ಖಂಡಿತ ಬೇಡ.

ಮಾಡುವ ಕ್ರಮ ಹೀಗೆ. ನೆಲ, ಗೋಡೆಯಿಂದ ಧೂಳು, ಜಿಡ್ಡು ಪೂರ್ತಿ ಹೋಗಬೇಕು. ಬಿರುಕುಗಳನ್ನು ತುಂಬಬೇಕು. ನೆಲ ಗೋಡೆ ಕೂಡುವ ಮೂಲೆಯನ್ನು ಗಾರೆಯಿಂದ ಸ್ವಲ್ಪ ಗುಂಡಗೆ ಮಾಡಬೇಕು, ಯಾಕೆಂದರೆ ಕಟ್ಟಡ ಅಲುಗಿದಾಗ ಚೂಪಾದ ಮೂಲೆಯಲ್ಲೇ ಪದರ ಮೊದಲು ಸೀಳುವುದು. ಮೂಲೆಗಳಿಗೆ, ಪೈಪು ತೂರುವ ಜಾಗಗಳಿಗೆ ಜಾಲರಿ ಪಟ್ಟಿ ಅಂಟಿಸಬೇಕು. ಆಮೇಲೆ ವಾಟರ್‌ಪ್ರೂಫಿಂಗ್ ಲೇಪದ ಎರಡು ಕೋಟ್. ಮೊದಲನೆಯದನ್ನು ಉದ್ದಕ್ಕೆ ಬಳಿದರೆ ಎರಡನೆಯದನ್ನು ಅಡ್ಡಕ್ಕೆ. ನಡುವೆ ಒಣಗಲು ಡಬ್ಬದ ಮೇಲೆ ಬರೆದಷ್ಟು ಸಮಯ ಕೊಡಲೇಬೇಕು. ನೆಲ ಪೂರ್ತಿ ಬಳಿಯಬೇಕು. ಷವರ್ ಇರುವ ಗೋಡೆಗಳಿಗೆ ಸುಮಾರು 2 ಮೀಟರ್ ಎತ್ತರದವರೆಗೆ, ಉಳಿದ ಗೋಡೆಗಳಿಗೆ ಕನಿಷ್ಠ 15ರಿಂದ 30 ಸೆಂ.ಮೀ. ಹೊಸ್ತಿಲಿನ ಕೆಳಗೂ ಬರಲಿ. ಅಲ್ಲಿಂದಲೇ ನೀರು ಕೋಣೆಗೆ ದಾಟುವುದು.

ಪದರ ಪೂರ್ತಿ ಒಣಗಿದ ಮೇಲೆ ನೀರು ನಿಲ್ಲಿಸಿ ನೋಡುವುದು ಕಡ್ಡಾಯ. ಜಾಲರಿ ಮುಚ್ಚಿ, ಕೆಲವು ಸೆಂ.ಮೀ. ನೀರು ತುಂಬಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. 24ರಿಂದ 48 ಗಂಟೆ ಬಿಡಿ. ಮಟ್ಟ ಇಳಿದಿದೆಯಾ, ಕೆಳಗಿನ ಸೂರಿನಲ್ಲಿ ತೇವ ಬಂದಿದೆಯಾ ನೋಡಿ. ಬರೀ ಆವಿಯಾಗಿ ಹೋಗುವ ನೀರು ತೀರಾ ಕಡಿಮೆ. ಕೆಲಸದವರು ಅವಸರ ಮಾಡಿದರೂ ಈ ಪರೀಕ್ಷೆ ಮುಗಿಯುವವರೆಗೆ ಟೈಲ್ಸ್ ಹಾಕಲು ಬಿಡಬೇಡಿ.

ಇದಕ್ಕೂ ಮುಂಚೆ, ಗೋಡೆಯೊಳಗಿನ ಹೊಸ ಪೈಪುಗಳ ಬಾಯಿ ಮುಚ್ಚಿ ಮಾಮೂಲಿಗಿಂತ ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡಿರಬೇಕು. ಗೋಡೆ ಮುಚ್ಚುವ ಮೊದಲು ಅಳತೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ನಾಳೆ ಟವೆಲ್ ರಾಡಿಗೆ ತೂತು ಕೊರೆಯುವಾಗ ಪೈಪು ಎಲ್ಲಿದೆ ಅಂತ ಗೊತ್ತಿರುತ್ತದೆ.

ನೀರು ನಿಲ್ಲದ ಹಾಗೆ ನೆಲಕ್ಕೆ ಎಷ್ಟು ವಾಟ ಕೊಡಬೇಕು?

ಷವರ್ ಭಾಗದಲ್ಲಿ ಒಂದು ಮೀಟರಿಗೆ ಸುಮಾರು 2 ಸೆಂ.ಮೀ. ಉಳಿದ ಕಡೆ ಒಂದರಿಂದ ಒಂದೂವರೆ ಸಾಕು. ಈ ಇಳಿಜಾರು ಟೈಲ್ಸ್ ಕೆಳಗಿನ ಗಾರೆಯಲ್ಲೇ, ವಾಟರ್‌ಪ್ರೂಫಿಂಗ್‌ಗೂ ಮೊದಲೇ ಬಂದಿರಬೇಕು. ಟೈಲ್ಸ್ ಹಾಕುವಾಗ ಅಂಟು ಜಾಸ್ತಿ ಮಾಡಿ ಹೊಂದಿಸಲು ಹೋದರೆ ಒಳಗೆ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಗೋಡೆಯ ಉದ್ದಕ್ಕೂ ಬರುವ ಪಟ್ಟಿ ಜಾಲರಿ ಹಾಕಿದರೆ ನೆಲ ಒಂದೇ ದಿಕ್ಕಿಗೆ ಇಳಿಯುತ್ತದೆ, ದೊಡ್ಡ ಟೈಲ್ಸ್ ಕೂಡ ಕತ್ತರಿಸದೆ ಕೂರುತ್ತವೆ. ನೋಡಲೂ ಚೆಂದ.

ಎಷ್ಟೇ ತೊಳೆದರೂ ಚರಂಡಿ ವಾಸನೆ ಬರುತ್ತದಲ್ಲ, ಯಾಕೆ?

ಜಾಲರಿಯ ಕೆಳಗಿನ ಟ್ರಾಪಿನಲ್ಲಿ, ಅಂದರೆ ನೀರು ಹಿಡಿದಿಡುವ ಭಾಗದಲ್ಲಿ, ಸದಾ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ಗಾಳಿಯನ್ನು ತಡೆಯುವುದು ಆ ನೀರೇ. ಸಾಮಾನ್ಯವಾಗಿ 50 ಮಿ.ಮೀ. ಆಳ ಬೇಕು. ಬಳಸದೆ ಬಿಟ್ಟರೆ ಅದು ಒಣಗುತ್ತದೆ, ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ. ದಿನಾ ಬಳಸಿದರೂ ವಾಸನೆ ಬರುತ್ತಿದ್ದರೆ ಟ್ರಾಪೇ ಇಲ್ಲ, ಇಲ್ಲವೇ ಚರಂಡಿ ಪೈಪಿಗೆ ಗಾಳಿ ಕೊಡುವ ಕೊಳವೆ ಸರಿಯಿಲ್ಲದೆ ಫ್ಲಶ್ ಮಾಡಿದಾಗ ಆ ನೀರನ್ನು ಎಳೆದುಕೊಳ್ಳುತ್ತಿದೆ ಅಂತ ತಿಳಿಯಿರಿ. ನೆಲ ಒಡೆದಿರುವಾಗಲೇ ಇದನ್ನು ಸರಿಮಾಡಿಸಿ.

ದೊಡ್ಡ ರೇನ್ ಷವರ್ ಹಾಕಿಸಿದರೂ ನೀರು ಜೋರಾಗಿ ಬರುವುದಿಲ್ಲ ಅಂತಾರೆ, ನಿಜವಾ?

ಒತ್ತಡ ಇಲ್ಲದಿದ್ದರೆ ನಿಜ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕು ಷವರಿಗಿಂತ 3 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.3 ಬಾರ್. ಅಗಲವಾದ ಷವರಿನ ನೂರಾರು ತೂತುಗಳಿಗೆ ಅದು ಸಾಲದು, ನೀರು ಸುಮ್ನೆ ತೊಟ್ಟಿಕ್ಕುತ್ತದೆ. ಷವರ್ ಪೆಟ್ಟಿಗೆಯ ಮೇಲೆ ಎಷ್ಟು ಬಾರ್ ಬೇಕು ಅಂತ ಬರೆದಿರುತ್ತದೆ. ಕೊಳ್ಳುವ ಮೊದಲು ಪ್ಲಂಬರ್‌ನಿಂದ ಮನೆಯ ಒತ್ತಡ ಅಳೆಸಿ. ಕಡಿಮೆ ಇದ್ದರೆ ಪ್ರೆಶರ್ ಪಂಪು ಬೇಕು. ಪಂಪು ಹಾಕುವಾಗ ತಣ್ಣೀರು, ಬಿಸಿನೀರು ಎರಡಕ್ಕೂ ಒಂದೇ ಒತ್ತಡ ಸಿಗುವ ಹಾಗೆ ಜೋಡಿಸಬೇಕು, ಗೀಸರ್ ಆ ಒತ್ತಡ ತಾಳುವಂಥದ್ದಾಗಿರಬೇಕು. ಒಂದಕ್ಕೆ ಮಾತ್ರ ಒತ್ತಡ ಇದ್ದರೆ ಬಿಸಿ ಹದಕ್ಕೆ ಬರುವುದೇ ಇಲ್ಲ.

ಎರಡನೇ ವಿಷಯ ಬಿಸಿನೀರಿನ ಲೆಕ್ಕ. ಇದನ್ನು ತುಂಬಾ ಜನ ಮರೆಯುತ್ತಾರೆ. ನಿಮಿಷಕ್ಕೆ 10 ಲೀಟರ್ ಸುರಿಸುವ ಷವರಿನ ಕೆಳಗೆ 8 ನಿಮಿಷ ನಿಂತರೆ 80 ಲೀಟರ್. ತಣ್ಣೀರು 20 ಡಿಗ್ರಿ, ಗೀಸರ್ ನೀರು 60 ಡಿಗ್ರಿ, ಮೈಗೆ ಬೇಕಾದ್ದು 40 ಡಿಗ್ರಿ ಅಂದುಕೊಳ್ಳಿ. ಆಗ ಅರ್ಧ ಬಿಸಿ, ಅರ್ಧ ತಣ್ಣೀರು ಬೆರೆಯುತ್ತದೆ. ಅಂದರೆ ಒಬ್ಬರ ಸ್ನಾನಕ್ಕೇ 40 ಲೀಟರ್ ಬಿಸಿನೀರು ಬೇಕು. 15 ಲೀಟರ್ ಗೀಸರ್ ಆದರೆ ಮೂರೇ ನಿಮಿಷಕ್ಕೆ ಖಾಲಿ. ದೊಡ್ಡ ಗೀಸರ್ ಹಾಕಿಸಿ, ಇಲ್ಲವೇ ನೀರಿಗೆ ಗಾಳಿ ಬೆರೆಸಿ ನಿಮಿಷಕ್ಕೆ 6ರಿಂದ 8 ಲೀಟರ್ ಮಾತ್ರ ಬಿಡುವ ಷವರ್ ಆರಿಸಿ. ಎರಡನೆಯದೇ ನನ್ನ ಆಯ್ಕೆ. ಮೈಗೆ ಸಿಗುವ ಹಿತ ಅಷ್ಟೇನೂ ಕಡಿಮೆಯಾಗುವುದಿಲ್ಲ, ನೀರು ಮತ್ತು ಕರೆಂಟು ಎರಡೂ ಉಳಿಯುತ್ತವೆ. ಏನೇ ಹಾಕಿದರೂ ಜೊತೆಗೆ ಒಂದು ಕೈ ಷವರ್ ಇರಲಿ. ತಲೆ ನೆನೆಯದೆ ಸ್ನಾನ ಮಾಡಲು, ಮಕ್ಕಳಿಗೆ, ನೆಲ ತೊಳೆಯಲು ಅದೇ ಬೇಕು.

ನೀರಿನ ಬಿಸಿಯನ್ನು ತಾನೇ ಹದದಲ್ಲಿಡುವ, ಥರ್ಮೋಸ್ಟಾಟ್ ಇರುವ ಮಿಕ್ಸರ್ ನಲ್ಲಿಗೆ ಅಷ್ಟು ದುಡ್ಡು ಕೊಡಬಹುದಾ?

ಕೊಡಬಹುದು. ಸ್ಪಾ ಅನುಭವಕ್ಕೆ ಒಂದೇ ಒಂದು ವಸ್ತು ಆರಿಸು ಅಂದರೆ ನಾನು ಇದನ್ನೇ ಹೇಳುತ್ತೇನೆ. ಇದರೊಳಗೆ ಮೇಣದ ಸಣ್ಣ ಕೊಳವೆ ಇರುತ್ತದೆ. ಬಿಸಿಗೆ ಅದು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಹಾಗೆ ಹಿಗ್ಗಿ ಕುಗ್ಗಿ ಬಿಸಿ ತಣ್ಣೀರಿನ ಪಾಲನ್ನು ತಾನೇ ಸರಿಮಾಡುತ್ತದೆ. ಪಕ್ಕದಲ್ಲಿ ಯಾರೋ ನಲ್ಲಿ ತಿರುಗಿಸಿದರೂ ನಿಮ್ಮ ನೀರು ಒಮ್ಮೆಲೇ ಸುಡುವುದಿಲ್ಲ. ಸಾಮಾನ್ಯವಾಗಿ 38 ಡಿಗ್ರಿಯಲ್ಲಿ ಒಂದು ತಡೆ ಗುಂಡಿ ಇರುತ್ತದೆ. ಮಕ್ಕಳು ಸುಮ್ನೆ ತಿರುಗಿಸಿದರೆ ಅದರಾಚೆ ಹೋಗುವುದಿಲ್ಲ. ಒಳಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಗೀಸರನ್ನು 60 ಡಿಗ್ರಿಗೆ ಇಡುವುದು ವಾಡಿಕೆ. ಆ ಬಿಸಿಗೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಈ ಮಿಕ್ಸರ್ ಐಷಾರಾಮವಲ್ಲ. ನೀರು ಗಡಸಾಗಿದ್ದರೆ ಅದರ ಜರಡಿಯನ್ನು ಆಗಾಗ ಬಿಚ್ಚಿ ತೊಳೆಯಬೇಕು.

ಯಾವ ಟೈಲ್ಸ್ ಒಳ್ಳೆಯದು?

ನೆಲಕ್ಕೆ ಪೋರ್ಸಲೇನ್ ಅಥವಾ ವಿಟ್ರಿಫೈಡ್. ಇವು ತಮ್ಮ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಗೋಡೆಗೆ ಮಾಮೂಲಿ ಸೆರಾಮಿಕ್ ನಡೆಯುತ್ತದೆ, ಆದರೆ ಗೋಡೆಯ ಟೈಲನ್ನು ನೆಲಕ್ಕೆ ಹಾಕಬೇಡಿ.

ಹೊಳೆಯುವ ನೆಲ ಚೆಂದ ಕಾಣುತ್ತದೆ, ಒದ್ದೆಯಾದಾಗ ಬೀಳಿಸುತ್ತದೆ. ಜಾರದಿರುವ ಗುಣಕ್ಕೆ ಎರಡು ಅಳತೆಗಳಿವೆ. ಆರ್ 9ರಿಂದ ಆರ್ 13ರವರೆಗಿನದು ಚಪ್ಪಲಿ, ಬೂಟು ಹಾಕಿ ನಡೆಯುವುದಕ್ಕೆ. ಬರಿಗಾಲಿಗೆ ಎ, ಬಿ, ಸಿ ಅಂತ ಬೇರೆಯೇ ಇದೆ. ಷವರ್ ನೆಲಕ್ಕೆ ಬಿ ಇರುವುದನ್ನು ಕೇಳಿ. ಸಣ್ಣ ಮೊಸಾಯಿಕ್ ಕೂಡ ಒಳ್ಳೆಯದು, ಸಂದುಗಳು ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ. ಅಂಗಡಿಯಲ್ಲಿ ಮಾದರಿಯ ಮೇಲೆ ನೀರು ಹಾಕಿಸಿ, ಬರಿಗಾಲಿನಲ್ಲಿ ನಿಂತು ನೋಡಿ. ಸಂಕೋಚ ಬೇಡ.

ಗೋಡೆಗೆ ದೊಡ್ಡ ಅಳತೆಯವು ಹಾಕಿದರೆ ಸಂದು ಕಡಿಮೆ, ಕಣ್ಣಿಗೂ ಶಾಂತ. ಮರಳಿನ ಬಣ್ಣ, ತಿಳಿ ಬೂದು, ಮಣ್ಣಿನ ಬಣ್ಣ ಬೇಗ ಬೇಸರ ತರಿಸುವುದಿಲ್ಲ. ಕಡು ಕಪ್ಪು ಬೇಡ ಅನ್ನುತ್ತೇನೆ. ಗಡಸು ನೀರಿನ ಪ್ರತಿ ಹನಿಯೂ ಅದರ ಮೇಲೆ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಸಂದಿಗೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿ, ಕಲೆ ಹಿಡಿಯುವುದಿಲ್ಲ. ಅದು ಬೇಗ ಗಟ್ಟಿಯಾಗುವುದರಿಂದ ಕೈ ಪಳಗಿದವರೇ ಮಾಡಬೇಕು. ಗೋಡೆ ಗೋಡೆ ಕೂಡುವ ಮೂಲೆಗೆ, ಗೋಡೆ ನೆಲ ಕೂಡುವ ಅಂಚಿಗೆ ಗ್ರೌಟ್ ಅಲ್ಲ, ಬಾಗುವ ಗುಣದ ಸಿಲಿಕೋನ್ ಬೇಕು.

ಮಾರ್ಬಲ್, ಮರ ಬಳಸಬಹುದಾ?

ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್, ಆಸಿಡ್, ಟಾಯ್ಲೆಟ್ ಕ್ಲೀನರ್ ಬಿದ್ದರೆ ಹೊಳಪು ಸುಟ್ಟುಹೋಗುತ್ತದೆ. ಸೀಲರ್ ಬಳಿದರೆ ಕಲೆ ಇಳಿಯುವುದು ತಡವಾಗುತ್ತದೆ, ಆಸಿಡ್ ಕಚ್ಚುವುದು ನಿಲ್ಲುವುದಿಲ್ಲ. ಆಸೆ ಇದ್ದರೆ ಬೇಸಿನ್ ಹಿಂದಿನ ಗೋಡೆಗೆ ಇಟ್ಟುಕೊಳ್ಳಿ, ಷವರ್ ನೆಲಕ್ಕೆ ಬೇಡ. ಮರದ ಬೆಚ್ಚನೆಯ ನೋಟಕ್ಕೆ ತೇಗದ ಸಣ್ಣ ಪೀಠ ಅಥವಾ ಕಾಲುಮಣೆ ಸಾಕು. ತೇಗದಲ್ಲಿ ಸಹಜವಾದ ಎಣ್ಣೆ ಇರುವುದರಿಂದ ತೇವ ತಾಳುತ್ತದೆ.

ಬೆಳಕು ಹೇಗಿರಬೇಕು?

ಹಳದಿ ಛಾಯೆಯ 2700ರಿಂದ 3000 ಕೆಲ್ವಿನ್ ಬೆಳಕು. ಸೂರಿನ ನಡುವೆ ಒಂದೇ ಬಿಳಿ ಟ್ಯೂಬ್‌ಲೈಟ್ ಹಾಕಿ ಎಷ್ಟು ಖರ್ಚು ಮಾಡಿದರೂ ಸ್ಪಾ ಕಳೆ ಬರುವುದಿಲ್ಲ. ಮೂರು ಬೇರೆ ಬೇರೆ ಸ್ವಿಚ್ಚು ಇರಲಿ: ಮಾಮೂಲಿ ಬೆಳಕಿಗೆ, ಕನ್ನಡಿಗೆ, ರಾತ್ರಿಯ ಮಂದ ದೀಪಕ್ಕೆ. ಕನ್ನಡಿಯ ಎರಡೂ ಪಕ್ಕ ಕಣ್ಣಿನ ಎತ್ತರಕ್ಕೆ ದೀಪ ಬಂದರೆ ಮುಖದ ಮೇಲೆ ನೆರಳು ಬೀಳುವುದಿಲ್ಲ. ನೆತ್ತಿಯ ಮೇಲಿನ ದೀಪ ಕಣ್ಣಿನ ಕೆಳಗೆ ಕಪ್ಪು ಮಾಡುತ್ತದೆ. ಬಣ್ಣ ನಿಜವಾಗಿ ಕಾಣಲು ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕೆ ಮೇಲಿರುವ ಎಲ್‌ಇಡಿ ಕೇಳಿ.

ಸುರಕ್ಷತೆಯಲ್ಲಿ ರಾಜಿ ಬೇಡ. ದೀಪ ನೀರು, ಧೂಳನ್ನು ಎಷ್ಟು ತಡೆಯುತ್ತದೆ ಅಂತ ಹೇಳುವುದು ಐಪಿ ಅಂಕೆ. ನೀರು ಸಿಡಿಯುವ ಜಾಗಕ್ಕೆ ಕನಿಷ್ಠ ಐಪಿ 44, ಷವರ್ ಮೇಲೆ ಐಪಿ 65 ದೀಪ. ಬಚ್ಚಲಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿತ ಮಾಡುವ ಸ್ವಿಚ್ಚು), ಸರಿಯಾದ ಅರ್ಥಿಂಗ್. ಷವರ್ ಹತ್ತಿರ ಪ್ಲಗ್ ಪಾಯಿಂಟ್ ಬೇಡವೇ ಬೇಡ. ಇದೆಲ್ಲ ಅರ್ಹ ಎಲೆಕ್ಟ್ರಿಷಿಯನ್ ಕೆಲಸ.

ಕಿಟಕಿ ಇದೆ, ಎಕ್ಸಾಸ್ಟ್ ಫ್ಯಾನ್ ಬೇಕಾ?

ಬೇಕು. ಚಳಿಯಲ್ಲಿ, ಮಳೆಯಲ್ಲಿ ಯಾರೂ ಕಿಟಕಿ ತೆರೆಯುವುದಿಲ್ಲ. ಬಚ್ಚಲಿನ ಉದ್ದ, ಅಗಲ, ಎತ್ತರ ಗುಣಿಸಿ, ಬಂದದ್ದನ್ನು 8ರಿಂದ ಗುಣಿಸಿ. 2 ಮೀಟರ್, 2.5 ಮೀಟರ್, 2.6 ಮೀಟರ್ ಆದರೆ 13 ಘನ ಮೀಟರ್. ಗಂಟೆಗೆ ಸುಮಾರು 104 ಘನ ಮೀಟರ್ ಗಾಳಿ ಹೊರಹಾಕುವ ಫ್ಯಾನ್ ಬೇಕು. ಒಳಗೆ ಗಾಳಿ ಬರಲು ಬಾಗಿಲ ಕೆಳಗೆ ಒಂದೆರಡು ಸೆಂ.ಮೀ. ಸಂದು ಬಿಡಿ, ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ ಅಷ್ಟೇ. ಗಾಳಿ ಮನೆಯ ಹೊರಗೆ ಹೋಗಬೇಕು, ಫಾಲ್ಸ್ ಸೀಲಿಂಗ್ ಒಳಗೆ ಅಲ್ಲ. ಸ್ನಾನ ಮುಗಿದ ಮೇಲೂ 20 ನಿಮಿಷ ಓಡುವ ಟೈಮರ್ ಹಾಕಿಸಿ. ಸದ್ದು ಕಡಿಮೆ ಇರುವುದನ್ನೇ ಕೊಳ್ಳಿ. ಗಲಾಟೆ ಮಾಡುವ ಫ್ಯಾನನ್ನು ಮನೆಯವರು ಹಾಕುವುದೇ ಇಲ್ಲ, ಅಲ್ವಾ?

ಗೋಡೆಗೆ ತೂಗುವ ಕಮೋಡ್ ಗಟ್ಟಿ ಇರುತ್ತದಾ?

ಒಳ್ಳೆಯ ಉಕ್ಕಿನ ಚೌಕಟ್ಟಿಗೆ ಸರಿಯಾಗಿ ಬಿಗಿದರೆ 400 ಕಿಲೋ ಭಾರ ಹೊರುವಂತೆ ಪರೀಕ್ಷೆ ಆಗಿರುತ್ತದೆ. ಕೆಳಗೆ ಪೂರ್ತಿ ಒರೆಸಬಹುದು, ನೆಲ ದೊಡ್ಡದಾಗಿ ಕಾಣುತ್ತದೆ. ಫ್ಲಶ್ ಟ್ಯಾಂಕು ಗೋಡೆಯೊಳಗೆ ಹೋಗುವುದರಿಂದ ಸುಮಾರು 15 ಸೆಂ.ಮೀ. ಆಳ ಬೇಕು. ಇದರ ಹೊರದಾರಿ ಗೋಡೆಯ ಕಡೆಗೆ ಇರುತ್ತದೆ. ಹಳೆಯದು ನೆಲಕ್ಕೆ ಇಳಿಯುತ್ತಿದ್ದರೆ ಪೈಪು ಬದಲಾಯಿಸಬೇಕಾಗುತ್ತದೆ. ರಿಪೇರಿಗೆ ಗೋಡೆ ಒಡೆಯಬೇಕಿಲ್ಲ, ಫ್ಲಶ್ ಗುಂಡಿಯ ಫಲಕ ತೆಗೆದರೆ ಒಳಗೆ ಕೈ ಹೋಗುತ್ತದೆ. ಬಿಡಿಭಾಗ ವರ್ಷಗಟ್ಟಲೆ ಸಿಗುವ ಕಂಪನಿಯದನ್ನೇ ತನ್ನಿ.

ಗಾಜಿನ ತಡೆಗೋಡೆ ಅಪಾಯ ಅಲ್ವಾ?

ಕನಿಷ್ಠ 8 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಇರಲಿ. ಒಡೆದರೂ ಮೊಂಡು ಚೂರುಗಳಾಗಿ ಉದುರುತ್ತದೆ. ಟಫನ್ಡ್ ಮಾಡಿದ ಮೇಲೆ ಅದನ್ನು ಕತ್ತರಿಸಲು, ಕೊರೆಯಲು ಆಗುವುದಿಲ್ಲ. ಹಾಗಾಗಿ ಟೈಲ್ಸ್ ಮುಗಿದ ಮೇಲೆಯೇ ಅಳತೆ ಕೊಡಿ. ಬಾಗಿಲಿಲ್ಲದ ಒಂದೇ ಸ್ಥಿರ ಗಾಜು ಸಾಕು, ಕೀಲಿನ ತೊಂದರೆ ಇರುವುದಿಲ್ಲ.

ಬಾತ್‌ಟಬ್ ಹಾಕಿಸಲಾ?

ವಾರಕ್ಕೊಮ್ಮೆಯಾದರೂ ಬಳಸುತ್ತೀರಾ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಆ ಜಾಗವನ್ನು ಷವರಿಗೆ ಕೊಟ್ಟು ಕೂರಲು ಕಟ್ಟೆ ಮಾಡಿಸಿ. ಹೌದಾದರೆ ಭಾರ ನೋಡಿ. 200 ಲೀಟರ್ ನೀರೇ 200 ಕಿಲೋ. ಟಬ್, ಮನುಷ್ಯ ಸೇರಿ 300 ದಾಟುತ್ತದೆ. ಮನೆಯ ನೆಲಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಮಹಡಿಯ ಮೇಲಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಮಾತು ಕೇಳದೆ ಮುಂದುವರಿಯಬೇಡಿ.

ಸಾಮಾನೆಲ್ಲ ಎಲ್ಲಿಡುವುದು?

ಷವರ್ ಗೋಡೆಯಲ್ಲಿ 9ರಿಂದ 10 ಸೆಂ.ಮೀ. ಆಳದ ಗೂಡು ಮಾಡಿಸಿ. ಅದರ ತಳ ಸ್ವಲ್ಪ ಮುಂದಕ್ಕೆ ಬಾಗಿರಲಿ, ನೀರು ನಿಲ್ಲುವುದಿಲ್ಲ. ಗೂಡಿನ ಒಳಗೂ ವಾಟರ್‌ಪ್ರೂಫಿಂಗ್ ಆಗಬೇಕು. ಉಳಿದದ್ದಕ್ಕೆ ಬೇಸಿನ್ ಕೆಳಗೆ ತೂಗುವ ಡ್ರಾಯರ್, ಕನ್ನಡಿಯ ಹಿಂದೆ ಕಪಾಟು.

ಮನೆಯಲ್ಲಿ ಹಿರಿಯರಿದ್ದಾರೆ. ಏನು ಗಮನಿಸಬೇಕು?

ಈಗ ಹಿರಿಯರಿಲ್ಲದ ಮನೆಯವರೂ ಇದನ್ನು ಓದಿ. ಷವರಿಗೆ ಹೋಗಲು ಮೆಟ್ಟಿಲು, ಕಟ್ಟೆ ಬೇಡ, ನೆಲ ಒಂದೇ ಸಮ ಇರಲಿ. ಬಾಗಿಲು 80 ಸೆಂ.ಮೀ.ಗಿಂತ ಅಗಲವಾಗಿ, ಹೊರಕ್ಕೆ ತೆರೆಯುವಂತಿರಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರಿಗೇ ತಾಗಿ ನಿಲ್ಲುತ್ತದೆ. ಕಮೋಡಿನ ಕೂರುವ ಎತ್ತರ 45ರಿಂದ 48 ಸೆಂ.ಮೀ. ಇದ್ದರೆ ಮಂಡಿಗೆ ಹಗುರ. ಹಿಡಿಕೆ ಈಗಲೇ ಬೇಡ ಅನ್ನಿಸಿದರೂ ಅದು ಬರುವ ಜಾಗದಲ್ಲಿ ಗೋಡೆ ಗಟ್ಟಿ ಇರಲಿ. ಟೊಳ್ಳು ಗೋಡೆಯಾದರೆ ಒಳಗೆ ದಪ್ಪ ಪ್ಲೈವುಡ್ ಕೂರಿಸಿ ಮುಚ್ಚಿ. ಟವೆಲ್ ರಾಡನ್ನು ಹಿಡಿಕೆ ಅಂತ ನಂಬಬೇಡಿ, ಅದು ಮನುಷ್ಯರ ಭಾರಕ್ಕೆ ಮಾಡಿದ್ದಲ್ಲ.

ಕೆಲಸ ಎಷ್ಟು ದಿನ ಹಿಡಿಯುತ್ತದೆ? ಯಾವುದು ಮೊದಲು?

ಪೂರ್ತಿ ಒಡೆದು ಮಾಡಿದರೆ ಮೂರರಿಂದ ಐದು ವಾರ. ಒಡೆಯುವುದು, ಪೈಪು ಮತ್ತು ವೈರಿಂಗ್, ಒತ್ತಡ ಪರೀಕ್ಷೆ, ಗಾರೆ ಮತ್ತು ವಾಟ, ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸುವುದು, ಟೈಲ್ಸ್, ಗ್ರೌಟ್, ಸೂರು ಮತ್ತು ಬಣ್ಣ, ಫಿಟ್ಟಿಂಗ್, ಕೊನೆಗೆ ಗಾಜು. ಹೆಚ್ಚು ದಿನ ಹೋಗುವುದು ಕೆಲಸಕ್ಕಲ್ಲ, ಒಣಗಲು ಕಾಯುವುದಕ್ಕೆ. ಮಿಕ್ಸರ್, ಕಮೋಡ್ ಚೌಕಟ್ಟು, ಜಾಲರಿ, ಈ ಮೂರೂ ಒಡೆಯುವ ಮೊದಲೇ ಕೈಯಲ್ಲಿರಬೇಕು. ಗೋಡೆಯೊಳಗಿನ ಅಳತೆ ಅವುಗಳ ಮೇಲೆಯೇ ನಿಂತಿದೆ.

ಹೊಸದಾಗೇ ಉಳಿಯಲು ಏನು ಮಾಡಬೇಕು?

ಸ್ನಾನವಾದ ಮೇಲೆ ರಬ್ಬರ್ ಪಟ್ಟಿಯಿಂದ ಗಾಜು, ಗೋಡೆಯ ನೀರು ಎಳೆಯಿರಿ. ಒಂದು ನಿಮಿಷದ ಕೆಲಸ. ಷವರಿನ ಮೆತ್ತನೆ ತೂತುಗಳನ್ನು ಆಗಾಗ ಹೆಬ್ಬೆರಳಿನಿಂದ ಉಜ್ಜಿದರೆ ಉಪ್ಪು ಉದುರುತ್ತದೆ. ಜಾಸ್ತಿ ಕಟ್ಟಿದ್ದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ಚೆನ್ನಾಗಿ ತೊಳೆಯಿರಿ. ಕಲ್ಲಿನ ಮೇಲೆ ಮಾತ್ರ ಅದನ್ನು ಬಳಸಬೇಡಿ. ಕಪ್ಪು, ಬಂಗಾರ ಬಣ್ಣದ ನಲ್ಲಿಗಳಿಗೆ ಮೆದು ಬಟ್ಟೆ, ಸೌಮ್ಯ ಸೋಪು ಮಾತ್ರ. ಮೂಲೆಯ ಸಿಲಿಕೋನ್ ಬಿಟ್ಟುಕೊಂಡಿದೆಯಾ ಅಂತ ವರ್ಷಕ್ಕೊಮ್ಮೆ ಬೆರಳಾಡಿಸಿ ನೋಡಿ. ಬಿಟ್ಟಿದ್ದರೆ ಹಳೆಯದನ್ನು ಪೂರ್ತಿ ಕಿತ್ತು, ಒಣಗಿಸಿ, ಹೊಸದು ತುಂಬಿ. ಹಳೆಯದರ ಮೇಲೆ ಬಳಿದ ಸಿಲಿಕೋನ್ ಅಂಟಿಕೊಳ್ಳುವುದಿಲ್ಲ.